ಯೇಸುವಿನ ಸಾಮ್ಯಗಳನ್ನು ವಿದ್ವಾಂಸರು ಹೇಗೆ ಓದುತ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮತ್ತಾಯ, ಮಾರ್ಕ ಮತ್ತು ಲೂಕ ಸುವಾರ್ತೆಗಳಲ್ಲಿ ಯೇಸು ಹೇಳಿದರೆಂದು ಬರೆದಿರುವ ಕಿರುಕಥೆಗಳನ್ನು ಕನ್ನಡ ಬೈಬಲಿನ ಓದುಗರು ಸಾಮ್ಯ, ಸಾಮತಿ, ದೃಷ್ಟಾಂತ ಎಂಬ ಹೆಸರುಗಳಿಂದ ಬಲ್ಲರು. ಬಿತ್ತುವವನು, ಒಳ್ಳೆಯ ಸಮಾರ್ಯದವನು, ದುಂದುಗಾರ ಮಗ ಮುಂತಾದವು ಕ್ರೈಸ್ತರಲ್ಲದವರಿಗೂ ಪರಿಚಿತ. ಕೇಳಿ ಕೇಳಿ ಬಳಕೆಯಾದ ಕಥೆಗಳಲ್ಲಿ ನಾವು ನೀತಿಯನ್ನು ನೆನಪಿಟ್ಟು ವಿವರಗಳನ್ನು ಮರೆತುಬಿಡುತ್ತೇವೆ. ಕಳೆದ ಸುಮಾರು 140 ವರ್ಷಗಳ ವಿದ್ವತ್ತು ಮಾಡಿರುವ ಮುಖ್ಯ ಕೆಲಸವೆಂದರೆ, ಆ ವಿವರಗಳ ಕಡೆಗೆ ನಮ್ಮನ್ನು ಮತ್ತೆ ತಿರುಗಿಸಿರುವುದು. ಬೈಬಲ್ ಅಧ್ಯಯನ ತರಗತಿಗಳಲ್ಲಿಯೂ ಓದುಗರ ನಡುವೆಯೂ ಮತ್ತೆ ಮತ್ತೆ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲು ಪ್ರಯತ್ನಿಸಲಾಗಿದೆ.

ಸುವಾರ್ತೆಗಳಲ್ಲಿ ಒಟ್ಟು ಎಷ್ಟು ಸಾಮ್ಯಗಳಿವೆ?

ಯಾವುದನ್ನು ಸಾಮ್ಯವೆಂದು ಎಣಿಸುತ್ತೇವೆ ಎಂಬುದರ ಮೇಲೆ ಇದು ನಿಂತಿದೆ. ಆರಂಭ, ನಡೆ, ಮುಕ್ತಾಯ ಇರುವ ಕಥೆಗಳನ್ನು ಮಾತ್ರ ಎಣಿಸಿದರೆ ಸುಮಾರು 30 ಸಿಗುತ್ತವೆ. ಒಂದೆರಡು ವಾಕ್ಯಗಳ ಹೋಲಿಕೆಗಳನ್ನೂ ಸೇರಿಸಿದರೆ ಸಂಖ್ಯೆ 50 ದಾಟುತ್ತದೆ. ಯೋಹಾನನ ಸುವಾರ್ತೆಯಲ್ಲಿ ಒಳ್ಳೆಯ ಕುರುಬ, ದ್ರಾಕ್ಷಿಬಳ್ಳಿ ಮುಂತಾದ ಪ್ರತಿಮೆಗಳಿದ್ದರೂ ಮೊದಲ ಮೂರು ಸುವಾರ್ತೆಗಳಲ್ಲಿ ಕಾಣುವ ಬಗೆಯ ಕಥೆಗಳಿಲ್ಲ. ಒಳ್ಳೆಯ ಸಮಾರ್ಯದವನು, ದುಂದುಗಾರ ಮಗ, ಐಶ್ವರ್ಯವಂತನೂ ಲಾಜರನೂ, ಫರಿಸಾಯನೂ ಸುಂಕದವನೂ ಲೂಕನಲ್ಲಿ ಮಾತ್ರ ಇವೆ. ಹೊಲದ ಕಳೆ, ಹೂಳಿಟ್ಟ ನಿಧಿ, ದ್ರಾಕ್ಷಿತೋಟದ ಕೂಲಿಯಾಳುಗಳು, ಹತ್ತು ಮಂದಿ ಕನ್ಯೆಯರು ಮತ್ತಾಯನಲ್ಲಿ ಮಾತ್ರ. ತಾನಾಗಿ ಬೆಳೆಯುವ ಬೀಜದ ಪುಟ್ಟ ಸಾಮ್ಯ ಮಾರ್ಕನ 4ನೆಯ ಅಧ್ಯಾಯವನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲ.

ಈ ಬಗೆಯ ಕಥೆ ಹೇಳುವ ರೂಢಿ ಯೇಸುವಿನಿಂದಲೇ ಆರಂಭವಾಯಿತೆ?

ಇಲ್ಲ. ಯೆಹೂದ್ಯರ ಪವಿತ್ರಗ್ರಂಥದಲ್ಲಿ ಅದು ಬಹಳ ಹಿಂದಿನಿಂದಲೂ ಇದೆ. ನ್ಯಾಯಸ್ಥಾಪಕರು 9ರಲ್ಲಿ ಯೋತಾಮನು ಮರಗಳು ತಮಗೊಬ್ಬ ಅರಸನನ್ನು ಹುಡುಕಿದ ಕಥೆ ಹೇಳುತ್ತಾನೆ. ಯೆಶಾಯ 5ರಲ್ಲಿ ಪ್ರವಾದಿಯು ದ್ರಾಕ್ಷಿತೋಟದ ಹಾಡನ್ನು ಹಾಡಿ, ಕೊನೆಗೆ ಆ ತೋಟವು ಇಸ್ರಾಯೇಲೇ ಎಂದು ಕೇಳುಗರ ಕಡೆಗೆ ತಿರುಗುತ್ತಾನೆ. ಎಲ್ಲಕ್ಕಿಂತ ತೀಕ್ಷ್ಣವಾದದ್ದು 2 ಸಮುವೇಲ 12ರಲ್ಲಿ ನಾತಾನನು ಅರಸ ದಾವೀದನಿಗೆ ಹೇಳಿದ ಕಥೆ. ಬಡವನೊಬ್ಬ ತನ್ನ ಮಡಿಲಲ್ಲಿ ಮಲಗಿಸಿ ಸಾಕಿದ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡನೆಂದು ಕೇಳಿ ದಾವೀದನು ಸಿಟ್ಟಿನಿಂದ ತೀರ್ಪು ಕೊಟ್ಟುಬಿಡುತ್ತಾನೆ. ಆಗ ನಾತಾನನು "ಆ ಮನುಷ್ಯನು ನೀನೇ" ಎನ್ನುತ್ತಾನೆ. ಊರೀಯನ ಹೆಂಡತಿಯನ್ನು ಅಪಹರಿಸಿದ ಅರಸನು, ಕಥೆಯೊಳಗೆ ಸಿಕ್ಕಿಕೊಂಡು, ತನ್ನ ಬಾಯಿಂದಲೇ ತನಗೆ ಶಿಕ್ಷೆ ವಿಧಿಸಿಕೊಂಡಿದ್ದಾನೆ. ಕೇಳುಗನಿಂದಲೇ ತೀರ್ಪು ಹೇಳಿಸುವ ಈ ತಂತ್ರವು ಯೇಸುವಿನ ಅನೇಕ ಸಾಮ್ಯಗಳಲ್ಲಿಯೂ ಕೆಲಸ ಮಾಡುತ್ತದೆ.

ಮುಂದಿನ ಶತಮಾನಗಳ ಯೆಹೂದ್ಯ ಗುರುಗಳಾದ ರಬ್ಬಿಗಳೂ ನೂರಾರು ಸಾಮ್ಯಗಳನ್ನು ಹೇಳಿದರು. ಸುಮಾರು ಕ್ರಿ.ಶ. 400ರ ಹೊತ್ತಿಗೆ ರೂಪುಗೊಂಡ, ರಬ್ಬಿಗಳ ಚರ್ಚೆಗಳ ಸಂಗ್ರಹವಾದ ಯೆರೂಸಲೇಮ್ ತಾಲ್ಮುದ್‌ನಲ್ಲಿ, 28ನೆಯ ವಯಸ್ಸಿನಲ್ಲಿ ತೀರಿಕೊಂಡ ಒಬ್ಬ ರಬ್ಬಿಯನ್ನು ಸ್ಮರಿಸುತ್ತಾ ಹೇಳಿದ ಕಥೆಯೊಂದಿದೆ. ಅರಸನ ಬಳಿ ಕೂಲಿಗೆ ಬಂದವರಲ್ಲಿ ಒಬ್ಬನು ಎರಡೇ ಗಂಟೆ ದುಡಿದರೂ ಪೂರ್ಣ ಕೂಲಿ ಪಡೆಯುತ್ತಾನೆ. ಉಳಿದವರು ಗೊಣಗಿದಾಗ, ದಿನವಿಡೀ ನೀವು ಮಾಡಿದ್ದಕ್ಕಿಂತ ಹೆಚ್ಚನ್ನು ಇವನು ಎರಡು ಗಂಟೆಯಲ್ಲಿ ಮಾಡಿದ್ದಾನೆ ಎಂಬ ಉತ್ತರ ಬರುತ್ತದೆ. ಮತ್ತಾಯ 20ರ ತೋಟದ ಯಜಮಾನನು ಸಂಜೆ ಐದರ ಸುಮಾರಿಗೆ ಬಂದವರಿಗೂ ಪೂರ್ಣ ಕೂಲಿ ಕೊಡುತ್ತಾನೆ, ಆದರೆ ಅವರ ದುಡಿಮೆಯನ್ನು ಹೊಗಳುವುದಿಲ್ಲ. ಇದನ್ನು ಹಿಡಿದು ಒಂದು ಧರ್ಮದಲ್ಲಿ ಕೃಪೆ, ಇನ್ನೊಂದರಲ್ಲಿ ಬರೀ ಲೆಕ್ಕಾಚಾರ ಎಂದು ಬರೆದವರಿದ್ದಾರೆ. ಅದು ಅನ್ಯಾಯದ ಓದು. ಒಂದು ಶೋಕಭಾಷಣದ ಕಥೆ, ಇನ್ನೊಂದು ಬೇರೆ ಸಂದರ್ಭದ ಕಥೆ. ಎರಡೂ ಒಂದೇ ಪರಂಪರೆಯ ಸಾಮಗ್ರಿಯಿಂದ ಕಟ್ಟಿದವು.

ಒಂದೇ ಸಾಮ್ಯ ಬೇರೆ ಬೇರೆ ಸುವಾರ್ತೆಗಳಲ್ಲಿ ಬೇರೆ ಬೇರೆಯಾಗಿ ಏಕಿದೆ?

ಯೇಸು ಅರಾಮಿಕ್ ಭಾಷೆಯಲ್ಲಿ ಮಾತನಾಡಿದರು. ಸುವಾರ್ತೆಗಳು ಗ್ರೀಕ್ ಭಾಷೆಯಲ್ಲಿ ಬರೆಯಲ್ಪಟ್ಟವು. ಬಹುಪಾಲು ವಿದ್ವಾಂಸರ ಪ್ರಕಾರ ಮಾರ್ಕನದು ಕ್ರಿ.ಶ. 70ರ ಆಸುಪಾಸಿನಲ್ಲಿ, ಮತ್ತಾಯ ಮತ್ತು ಲೂಕರವು ಅದಾದ ಒಂದೆರಡು ದಶಕಗಳಲ್ಲಿ ಸಿದ್ಧವಾದವು. ನಡುವಿನ ಸುಮಾರು 40 ವರ್ಷ ಈ ಕಥೆಗಳು ಬಾಯಿಂದ ಬಾಯಿಗೆ, ಒಂದು ಕ್ರೈಸ್ತ ಸಭೆಯಿಂದ ಇನ್ನೊಂದು ಸಭೆಗೆ ಸಾಗಿದವು. ಅವುಗಳನ್ನು ಕಾಪಾಡಿದವರು ತಮ್ಮ ಸಭೆಯ ಅಗತ್ಯಕ್ಕೆ ತಕ್ಕಂತೆ ಹೇಳಿಯೂ ಇದ್ದರು.

ಕಳೆದುಹೋದ ಕುರಿಯ ಕಥೆಯನ್ನೇ ನೋಡಬಹುದು. ಲೂಕ 15ರಲ್ಲಿ, ಪಾಪಿಗಳ ಜೊತೆ ಊಟಕ್ಕೆ ಕೂರುತ್ತಾನೆಂದು ಗೊಣಗಿದ ಫರಿಸಾಯರೆಂಬ ಯೆಹೂದ್ಯ ಪಂಗಡದವರಿಗೂ ಶಾಸ್ತ್ರಿಗಳಿಗೂ ಯೇಸು ಅದನ್ನು ಹೇಳುತ್ತಾರೆ. ಮತ್ತಾಯ 18ರಲ್ಲಿ ಅದೇ ಕಥೆ ಶಿಷ್ಯರಿಗೆ ಹೇಳಿದ್ದು. ಸಭೆಯಲ್ಲಿರುವ ಚಿಕ್ಕವರಲ್ಲಿ ಒಬ್ಬನೂ ದಾರಿತಪ್ಪಿ ಹಾಳಾಗಬಾರದೆಂಬ ಎಚ್ಚರಿಕೆಯಾಗಿ ಅದು ನಿಲ್ಲುತ್ತದೆ. ಕುರಿ ಅದೇ, ಕೇಳುಗರು ಬೇರೆ, ಆದ್ದರಿಂದ ಅರ್ಥದ ಒತ್ತೂ ಬೇರೆ.

ಔತಣದ ಸಾಮ್ಯದಲ್ಲಿ ಬದಲಾವಣೆ ಇನ್ನೂ ಎದ್ದು ಕಾಣುತ್ತದೆ. ಲೂಕ 14ರಲ್ಲಿ ಒಬ್ಬ ಮನುಷ್ಯನು ಔತಣ ಏರ್ಪಡಿಸುತ್ತಾನೆ, ಕರೆಸಿಕೊಂಡವರು ನೆವ ಹೇಳುತ್ತಾರೆ, ಅವನು ಬೀದಿಯಲ್ಲಿರುವ ಬಡವರನ್ನೂ ಊನವಾದವರನ್ನೂ ಕರೆಸುತ್ತಾನೆ. ಮತ್ತಾಯ 22ರಲ್ಲಿ ಔತಣ ಏರ್ಪಡಿಸುವವನು ಅರಸ, ಸಂದರ್ಭ ಅವನ ಮಗನ ಮದುವೆ; ಕರೆಯಲು ಹೋದ ಆಳುಗಳನ್ನು ಕೊಲ್ಲಲಾಗುತ್ತದೆ, ಅರಸನು ಸೈನ್ಯ ಕಳುಹಿಸಿ ಕೊಲೆಗಾರರ ಪಟ್ಟಣವನ್ನು ಸುಡಿಸುತ್ತಾನೆ. ಊಟ ಸಿದ್ಧವಾಗಿ ಕಾಯುತ್ತಿರುವಾಗ ಯುದ್ಧ ನಡೆದು ಊರು ಬೂದಿಯಾಗುವುದು ಕಥೆಯ ಸಹಜ ಓಟಕ್ಕೆ ಹೊಂದುವುದಿಲ್ಲ. ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಯೆರೂಸಲೇಮನ್ನು ಸುಟ್ಟ ನೆನಪು ಇಲ್ಲಿ ಸೇರಿಕೊಂಡಿದೆ ಎಂದು ಹೆಚ್ಚಿನ ವಿದ್ವಾಂಸರು ಭಾವಿಸುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ.

ಬಿತ್ತುವವನ ಸಾಮ್ಯಕ್ಕೆ ಯೇಸುವೇ ಅರ್ಥ ಹೇಳಿದ್ದಾರಲ್ಲ? ಮತ್ತೆ ವ್ಯಾಖ್ಯಾನ ಏಕೆ ಬೇಕು?

ಮಾರ್ಕ 4:14ರಿಂದ 20ರವರೆಗೆ ಆ ವಿವರಣೆ ಇದೆ: ದಾರಿಯ ಮಗ್ಗುಲಲ್ಲಿ ಬಿದ್ದ ಬೀಜ, ಬಂಡೆಯ ನೆಲದಲ್ಲಿ ಬಿದ್ದ ಬೀಜ, ಮುಳ್ಳುಗಿಡಗಳಲ್ಲಿ ಬಿದ್ದ ಬೀಜ, ಒಳ್ಳೆಯ ನೆಲದಲ್ಲಿ ಬಿದ್ದ ಬೀಜ ಒಂದೊಂದೂ ಒಂದೊಂದು ಬಗೆಯ ಕೇಳುಗರು. ಸೂಕ್ಷ್ಮವಾಗಿ ಓದಿದರೆ ಒಂದು ತೊಡಕು ಕಾಣುತ್ತದೆ. ಆರಂಭದಲ್ಲಿ ಬೀಜವೆಂದರೆ ವಾಕ್ಯ. ಮುಂದಿನ ವಚನಗಳಲ್ಲಿ ಬಿತ್ತಲ್ಪಟ್ಟವರು ಎಂದರೆ ಜನರು. ಜೊತೆಗೆ ವಾಕ್ಯದ ನಿಮಿತ್ತ ಬರುವ ಹಿಂಸೆ, ಐಶ್ವರ್ಯದ ಮೋಸ ಮುಂತಾದ ಮಾತುಗಳು ಹೊಸ ಸಭೆಗಳು ಎದುರಿಸುತ್ತಿದ್ದ ಸ್ಥಿತಿಯನ್ನು ಹೇಳುತ್ತವೆ. ಈ ಕಾರಣಗಳಿಂದ ಅನೇಕರು ಕಥೆಯನ್ನು ಯೇಸುವಿನದೆಂದೂ ವಿವರಣೆಯನ್ನು ಆರಂಭದ ಸಭೆಯ ಬೋಧನೆಯೆಂದೂ ಬೇರ್ಪಡಿಸುತ್ತಾರೆ. ಎಲ್ಲರೂ ಒಪ್ಪುವುದಿಲ್ಲ. ರಬ್ಬಿಗಳ ಸಾಮ್ಯಗಳಲ್ಲಿ ಕಥೆಯ ಹಿಂದೆಯೇ ಅದರ ಅನ್ವಯ ಬರುವುದು ಸಾಮಾನ್ಯವಾದ್ದರಿಂದ, ವಿವರಣೆ ಇದ್ದಮಾತ್ರಕ್ಕೆ ಅದು ನಂತರದ್ದಾಗಬೇಕಿಲ್ಲ ಎಂಬ ವಾದಕ್ಕೂ ತೂಕವಿದೆ.

ವಿವರಣೆಯನ್ನು ಪಕ್ಕಕ್ಕಿಟ್ಟು ಕಥೆಯನ್ನು ಮಾತ್ರ ಓದಿದರೆ ಗಮನ ನೆಲಗಳಿಂದ ಕೊಯ್ಲಿನ ಕಡೆಗೆ ಹೊರಳುತ್ತದೆ. ಮೂರು ಕಡೆ ಬೀಜ ಹಾಳಾಗುತ್ತದೆ, ನಾಲ್ಕನೆಯ ಕಡೆ ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಬರುತ್ತದೆ. ಆದಿಕಾಂಡ 26:12ರಲ್ಲಿ ಇಸಾಕನು ಬರಗಾಲದ ನಾಡಿನಲ್ಲಿ ಬಿತ್ತಿ ನೂರರಷ್ಟು ಕೊಯ್ದನೆಂದಿದೆ. ಅದನ್ನು ಬಲ್ಲ ಕೇಳುಗರಿಗೆ ಇದು ದೇವರ ಆಶೀರ್ವಾದದ ಗುರುತಾಗಿ ಕೇಳಿಸಿದ್ದಿರಬೇಕು. ಹಾಗೆ ಓದಿದಾಗ ಇದು ನೀನು ಯಾವ ನೆಲ ಎಂದು ಪ್ರಶ್ನಿಸುವ ಕಥೆಗಿಂತ ಹೆಚ್ಚಾಗಿ, ಇಷ್ಟೆಲ್ಲ ನಷ್ಟದ ನಡುವೆಯೂ ಸುಗ್ಗಿ ಬಂದೇ ಬರುತ್ತದೆ ಎನ್ನುವ ಕಥೆ. ಎರಡೂ ಓದುಗಳಿಗೆ ಪಠ್ಯದಲ್ಲಿ ಆಧಾರವಿದೆ. ಎರಡನೆಯದು ನಮ್ಮ ಚರ್ಚುಗಳ ಪ್ರಸಂಗಗಳಲ್ಲಿ ಕೇಳಿಬರುವುದು ಕಡಿಮೆ.

ಜನರಿಗೆ ಅರ್ಥವಾಗಬಾರದೆಂದೇ ಯೇಸು ಸಾಮ್ಯಗಳಲ್ಲಿ ಮಾತನಾಡಿದರೆ?

ಮಾರ್ಕ 4:11-12 ಮೊದಲ ಓದಿಗೆ ಹಾಗೆಯೇ ಹೇಳುತ್ತದೆ: ಹೊರಗಿನವರು ಕಣ್ಣಾರೆ ಕಂಡರೂ ಕಾಣದಂತೆ, ಕಿವಿಯಾರೆ ಕೇಳಿದರೂ ತಿಳಿಯದಂತೆ ಎಲ್ಲವೂ ಸಾಮ್ಯರೂಪದಲ್ಲಿ ಬರುತ್ತದೆ. ಇದು ಯೆಶಾಯ 6ರ ಮಾತು. ತನ್ನ ಸಾರುವಿಕೆಯಿಂದ ಜನರ ಹೃದಯ ಇನ್ನಷ್ಟು ಕಲ್ಲಾಗುವುದೆಂದು ಆ ಪ್ರವಾದಿಗೆ ಮೊದಲೇ ತಿಳಿಸಲಾಗಿತ್ತು. ಮತ್ತಾಯನಿಗೆ ಮಾರ್ಕನ ವಾಕ್ಯ ಕಠಿಣವೆನಿಸಿರಬೇಕು. ಅವನು 13:13ರಲ್ಲಿ ಅದನ್ನು ಬದಲಿಸಿ, ಜನರು ಕಂಡೂ ಕಾಣದಿರುವುದರಿಂದ ಸಾಮ್ಯಗಳಲ್ಲಿ ಹೇಳುತ್ತೇನೆ ಎಂದು ಬರೆಯುತ್ತಾನೆ. ಮಾರ್ಕನ ಅದೇ ಅಧ್ಯಾಯದ 33ನೆಯ ವಚನವನ್ನೂ ಮರೆಯಬಾರದು. ಅಲ್ಲಿ ಯೇಸು ಜನರ ಗ್ರಹಣಶಕ್ತಿಗೆ ತಕ್ಕಂತೆ ಸಾಮ್ಯಗಳಲ್ಲಿ ವಾಕ್ಯವನ್ನು ಹೇಳುತ್ತಿದ್ದರು ಎಂದಿದೆ. ಹೇಳಿದ್ದನ್ನು ಬಹುಮಂದಿ ಏಕೆ ಒಪ್ಪಲಿಲ್ಲ ಎಂಬ ನೋವಿನ ಪ್ರಶ್ನೆಗೆ ಆರಂಭದ ಸಭೆಯು ಯೆಶಾಯನಲ್ಲಿ ಉತ್ತರ ಹುಡುಕಿತು ಎಂದು ತಿಳಿದರೆ ಎರಡೂ ಮಾತುಗಳು ಒಂದೇ ಅಧ್ಯಾಯದಲ್ಲಿ ಇರುವುದು ಅರ್ಥವಾಗುತ್ತದೆ.

ಹಿಂದಿನ ಕಾಲದವರು ಈ ಕಥೆಗಳನ್ನು ಹೇಗೆ ಓದುತ್ತಿದ್ದರು?

ಬಹುಮಟ್ಟಿಗೆ ರೂಪಕಾರ್ಥದಲ್ಲಿ, ಅಂದರೆ ಕಥೆಯ ಪ್ರತಿಯೊಂದು ವಸ್ತುವಿಗೂ ಒಂದೊಂದು ಗುಪ್ತಾರ್ಥ ಕೊಟ್ಟು. ಇದಕ್ಕೆ ಪ್ರಸಿದ್ಧ ಉದಾಹರಣೆ ಸಂತ ಅಗಸ್ಟೀನ್ (354-430) ಒಳ್ಳೆಯ ಸಮಾರ್ಯದವನ ಕಥೆಗೆ ಬರೆದ ವ್ಯಾಖ್ಯಾನ. ಆ ಕಥೆಯಲ್ಲಿ, ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವಾಗ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದ ದಾರಿಹೋಕನನ್ನು ಒಬ್ಬ ಯಾಜಕನೂ ದೇವಾಲಯದ ಸೇವಕ ಕುಲದ ಒಬ್ಬ ಲೇವಿಯನೂ ಕಂಡು ದಾಟಿಹೋಗುತ್ತಾರೆ, ಸಮಾರ್ಯದವನೊಬ್ಬನು ಉಪಚರಿಸಿ ಛತ್ರಕ್ಕೆ ಸೇರಿಸುತ್ತಾನೆ. ಅವರ ಓದಿನಲ್ಲಿ ದಾರಿಹೋಕನು ಆದಾಮ, ಯೆರೂಸಲೇಮ್ ಅವನು ಕಳೆದುಕೊಂಡ ಸ್ವರ್ಗೀಯ ನಗರ, ಕಳ್ಳರು ಸೈತಾನನೂ ಅವನ ದೂತರೂ, ಯಾಜಕ ಮತ್ತು ಲೇವಿಯರು ಹಳೆಯ ಒಡಂಬಡಿಕೆಯ ಸೇವೆ, ಸಮಾರ್ಯದವನು ಕ್ರಿಸ್ತ, ಛತ್ರ ಸಭೆ, ಛತ್ರದವನು ಅಪೊಸ್ತಲ ಪೌಲ. ಅಗಸ್ಟೀನರಿಗಿಂತ ಸುಮಾರು ಒಂದೂವರೆ ಶತಮಾನ ಮೊದಲೇ ಕ್ರೈಸ್ತ ವಿದ್ವಾಂಸ ಒರಿಗೆನ್ ತನ್ನ ಲೂಕ ಪ್ರಸಂಗಗಳಲ್ಲಿ, ಹಿರಿಯನೊಬ್ಬನ ವ್ಯಾಖ್ಯಾನವೆಂದು ಇಂಥದನ್ನೇ ಹೇಳಿದ್ದರು. ಆದರೆ ಆ ಕಾಲದಲ್ಲಿ ಎಲ್ಲರೂ ಹೀಗೆ ಓದುತ್ತಿದ್ದರೆಂಬುದು ಸರಿಯಲ್ಲ. ಅಗಸ್ಟೀನರ ಸಮಕಾಲೀನ ಬೋಧಕ ಜಾನ್ ಕ್ರಿಸೊಸ್ತೊಮ್ ತೋಟದ ಕೂಲಿಯಾಳುಗಳ ಕಥೆಯನ್ನು ವಿವರಿಸುತ್ತಾ, ಸಾಮ್ಯದಲ್ಲಿರುವ ಎಲ್ಲವನ್ನೂ ಅಕ್ಷರಶಃ ಬಿಡಿಸಲು ಹೋಗಬಾರದು, ಅದು ಯಾವ ಉದ್ದೇಶಕ್ಕೆ ಹೇಳಿದ್ದೆಂದು ತಿಳಿದರೆ ಸಾಕು ಎಂದು ಎಚ್ಚರಿಸಿದ್ದರು. 16ನೆಯ ಶತಮಾನದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್ ಕೂಡ ಸಮಾರ್ಯದವನ ಕಥೆಯ ರೂಪಕಾರ್ಥವನ್ನು ತಳ್ಳಿಹಾಕಿದರು.

ಅಗಸ್ಟೀನರ ಓದಿನಲ್ಲಿ ಭಕ್ತಿಯ ಸೌಂದರ್ಯವಿದೆ, ಇದನ್ನು ಅಲ್ಲಗಳೆಯಲಾಗದು. ನಷ್ಟ ಬೇರೆಡೆ ಆಗುತ್ತದೆ: ಕಥೆಗೆ ಕಾರಣವಾದ, ಧರ್ಮೋಪದೇಶಕನೊಬ್ಬನು ಯೇಸುವಿಗೆ ಕೇಳಿದ "ನನ್ನ ನೆರೆಯವನು ಯಾರು?" ಎಂಬ ಪ್ರಶ್ನೆಯೇ ಅಲ್ಲಿ ಕಾಣೆಯಾಗುತ್ತದೆ.

ಆಧುನಿಕ ಅಧ್ಯಯನ ಎಲ್ಲಿಂದ ಆರಂಭವಾಯಿತು?

ಜರ್ಮನಿಯ ಅಡಾಲ್ಫ್ ಯೂಲಿಷರ್ ಅವರಿಂದ. 1880ರ ದಶಕದಲ್ಲಿ ಆರಂಭಿಸಿ 1899ರಲ್ಲಿ ಮುಗಿಸಿದ ಎರಡು ಸಂಪುಟಗಳಲ್ಲಿ ಅವರು ರೂಪಕಾರ್ಥದ ಪದ್ಧತಿಯನ್ನು ಬುಡಸಹಿತ ಕಿತ್ತರು. ಸಾಮ್ಯವು ಒಂದೇ ಒಂದು ವಿಷಯವನ್ನು ಸ್ಪಷ್ಟಪಡಿಸಲು ಹೇಳಿದ ಹೋಲಿಕೆ, ಅದರ ವಿವರಗಳಿಗೆ ಬೇರೆ ಬೇರೆ ಅರ್ಥ ಹುಡುಕಬಾರದು ಎಂಬುದು ಅವರ ವಾದ. ದೊಡ್ಡ ಕೆಲಸ, ಆದರೆ ಅದಕ್ಕೂ ಮಿತಿಯಿತ್ತು: ಅವರು ಹುಡುಕಿದ ಆ ಒಂದು ವಿಷಯ ಅನೇಕ ಸಲ ಯಾರೂ ತಕರಾರು ಎತ್ತದ ಸಾಧಾರಣ ನೀತಿವಾಕ್ಯವಾಗಿಬಿಡುತ್ತಿತ್ತು. ಅಂಥ ನೀತಿವಾಕ್ಯಗಳನ್ನು ಹೇಳಿದವನನ್ನು ಯಾರು ಶಿಲುಬೆಗೆ ಹಾಕುತ್ತಾರೆ? ಸಾಮ್ಯವೆಂದರೆ ಮೂಲತಃ ಗ್ರೀಕ್ ಅಲಂಕಾರಶಾಸ್ತ್ರದ ಹೋಲಿಕೆ ಎಂದು ಅವರು ಎಣಿಸಿದ್ದೂ ತೊಡಕಾಯಿತು; ಯೆಹೂದ್ಯ ಸಾಮ್ಯಗಳಲ್ಲಿ ಅರಸನೆಂದರೆ ದೇವರು, ತೋಟವೆಂದರೆ ಇಸ್ರಾಯೇಲ್ ಎಂಬಂಥ ರೂಢಿಯ ಸಂಕೇತಗಳು ಸಹಜವಾಗಿಯೇ ಇರುತ್ತವೆ ಎಂದು ಪೌಲ್ ಫೀಬಿಗ್ ಬೇಗನೆ ತೋರಿಸಿದರು.

1935ರಲ್ಲಿ ಬ್ರಿಟನ್ನಿನ ಸಿ. ಎಚ್. ಡಾಡ್ ಸಾಮ್ಯಗಳನ್ನು ದೇವರ ರಾಜ್ಯವು ಈಗಾಗಲೇ ಬಂದಿದೆ ಎಂಬ ಯೇಸುವಿನ ಘೋಷಣೆಯ ಬೆಳಕಿನಲ್ಲಿ ಓದಿದರು. 1947ರಲ್ಲಿ ಯೋವಾಖಿಮ್ ಯೆರೆಮಿಯಾಸ್, ಕಥೆಗಳು ಸಭೆಯ ಕೈಯಲ್ಲಿ ಯಾವ ಯಾವ ರೀತಿಯಲ್ಲಿ ಬದಲಾದವೆಂದು ವಿಂಗಡಿಸಿ, ಮೂಲರೂಪಕ್ಕೆ ಹಿಂದಿರುಗುವ ದಾರಿ ತೋರಿಸಲು ಯತ್ನಿಸಿದರು. 1960ರ ದಶಕದ ನಂತರ ಸಾಹಿತ್ಯ ವಿಮರ್ಶೆಯ ಪ್ರಭಾವದಿಂದ ಸಾಮ್ಯವನ್ನು ಅರ್ಥ ತೆಗೆದು ಎಸೆಯುವ ಸಿಪ್ಪೆಯಂತೆ ನೋಡದೆ ಸ್ವತಂತ್ರ ಕಲಾಕೃತಿಯಾಗಿ ಓದುವ ಕ್ರಮ ಬಂತು. ಫ್ರೆಂಚ್ ತತ್ತ್ವಜ್ಞಾನಿ ಪಾಲ್ ರಿಕರ್ ಹೇಳಿದ ಒಂದು ಅಂಶ ನನಗೆ ಬಹಳ ಉಪಯುಕ್ತವೆನಿಸಿದೆ: ಸಾಮ್ಯವು ದಿನನಿತ್ಯದ ಬದುಕಿನಿಂದ ಹೊರಟು, ಎಲ್ಲೋ ಒಂದು ಕಡೆ ಆ ಬದುಕಿನ ಅಳತೆಯನ್ನು ಮೀರುತ್ತದೆ. ಆ ಮೀರುವ ಜಾಗವನ್ನು ಕಂಡುಹಿಡಿಯುವುದೇ ಓದುಗನ ಮೊದಲ ಕೆಲಸ.

ಆ "ಮೀರುವ ಜಾಗ" ಎಂದರೇನು? ಉದಾಹರಣೆ ಕೊಡಬಹುದೆ?

ಕಥೆಗಳಲ್ಲಿರುವ ಲೆಕ್ಕಗಳನ್ನು ನೋಡಿದರೆ ಸಾಕು. ಮತ್ತಾಯ 20ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತೆಂದರೆ ಸುಮಾರು 6,000 ದಿನಾರಿ. ಮತ್ತಾಯ 18ರ ಕ್ಷಮಿಸದ ಸೇವಕನ ಸಾಲ 10,000 ತಲಾಂತು, ಅಂದರೆ 6 ಕೋಟಿ ದಿನದ ಕೂಲಿ. ಗಲಿಲಾಯ ಮತ್ತು ಪೆರಾಯ ಪ್ರಾಂತಗಳಿಂದ ಹೆರೋದ ಅಂತಿಪನಿಗೆ ಬರುತ್ತಿದ್ದ ವರ್ಷದ ಆದಾಯ 200 ತಲಾಂತು ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಆ ಲೆಕ್ಕದಲ್ಲಿ ಈ ಸಾಲ ಒಂದು ನಾಡಿನ 50 ವರ್ಷಗಳ ಕಂದಾಯ. ಇಷ್ಟನ್ನು ಮನ್ನಾ ಮಾಡಿಸಿಕೊಂಡು ಹೊರಬಂದವನು 100 ದಿನಾರಿ ಸಾಲಗಾರನ ಕತ್ತು ಹಿಸುಕುತ್ತಾನೆ. ಆರು ಲಕ್ಷಕ್ಕೆ ಒಂದರ ಈ ಅನುಪಾತ ತಿಳಿದಾಗ ಕಥೆಯ ಕಾವು ತಿಳಿಯುತ್ತದೆ.

ಹುಳಿಹಿಟ್ಟಿನ ಸಾಮ್ಯ ಒಂದೇ ವಾಕ್ಯದ್ದು. ಹೆಂಗಸೊಬ್ಬಳು ಹುಳಿಯನ್ನು ಮೂರು ಸೇರು ಹಿಟ್ಟಿನಲ್ಲಿ ಅಡಗಿಸಿದಳೆಂದು ಅನುವಾದದಲ್ಲಿ ಓದಿದರೆ ಒಂದು ಮನೆಯ ಅಡುಗೆ ಕಣ್ಣಿಗೆ ಬರುತ್ತದೆ. ಮೂಲದ ಅಳತೆ ಮೂರು ಸಾತ, ಸುಮಾರು 40 ಲೀಟರಿನಷ್ಟು ಹಿಟ್ಟು. ನೂರು ಮಂದಿಗೆ ಸಾಕಾಗುವಷ್ಟು ರೊಟ್ಟಿ. ಆದಿಕಾಂಡ 18ರಲ್ಲಿ ಅಬ್ರಹಾಮನ ಮನೆಗೆ ದೇವರ ದೂತರು ಬಂದಾಗ ಸಾರಳು ನಾದಿದ ಹಿಟ್ಟಿನ ಅಳತೆಯೂ ಇದೇ. ಒಬ್ಬ ಸಾಮಾನ್ಯ ಹೆಂಗಸಿನ ಕೈಯಲ್ಲಿ ಇಷ್ಟು ಹಿಟ್ಟು ಏಕಿದೆ, ಯಾರಿಗೆ ಔತಣ ಸಿದ್ಧವಾಗುತ್ತಿದೆ ಎಂದು ಮೊದಲ ಕೇಳುಗರು ಕೇಳಿಕೊಂಡಿರಬೇಕು.

ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಯಾಜಕನು ಮಡಿ ಮೈಲಿಗೆಯ ಭಯದಿಂದ ದೂರ ಹೋದನೆಂದು ಹೇಳುತ್ತಾರೆ. ಇದು ಸರಿಯೆ?

ಪಠ್ಯದಲ್ಲಿ ಹಾಗೆ ಇಲ್ಲ, ಮತ್ತು ಆ ಊಹೆಯ ವಿರುದ್ಧ ಬಲವಾದ ಕಾರಣಗಳಿವೆ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. ಸುಮಾರು 27 ಕಿಲೋಮೀಟರಿನ ದಾರಿ ಬೆಟ್ಟಗಾಡಿನಲ್ಲಿ ಸಾವಿರ ಮೀಟರ್ ಇಳಿಯುತ್ತದೆ. ಲೂಕನು ಯಾಜಕನು ಆ ದಾರಿಯಲ್ಲಿ ಇಳಿದು ಬರುತ್ತಿದ್ದನೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಅಂದರೆ ಅವನು ದೇವಾಲಯದ ಸೇವೆಗೆ ಹೋಗುತ್ತಿರಲಿಲ್ಲ, ಯೆರೂಸಲೇಮಿನಿಂದ ಹೊರಬರುತ್ತಿದ್ದ. ಹೆಣ ಮುಟ್ಟಬಾರದೆಂಬ ಯಾಜಕಕಾಂಡ 21ರ ನಿಯಮ ಯಾಜಕರಿಗೆ ಅನ್ವಯಿಸುತ್ತದೆ, ಲೇವಿಯರಿಗೆ ಅಲ್ಲ. ಹಾಗಿದ್ದರೆ ಲೇವಿಯನು ಏಕೆ ದೂರ ಸರಿದ? ಬಿದ್ದವನು ಸತ್ತಿರಲಿಲ್ಲ, ಅರೆಜೀವವಾಗಿದ್ದ; ಪ್ರಾಣ ಉಳಿಸುವುದು ಮಿಕ್ಕ ವಿಧಿಗಳಿಗಿಂತ ಮೇಲು ಎಂಬುದು ರಬ್ಬಿಗಳ ತೀರ್ಮಾನ. ಒಂದು ವೇಳೆ ಸತ್ತಿದ್ದರೂ, ದಿಕ್ಕಿಲ್ಲದ ಹೆಣವನ್ನು ಕಂಡರೆ ಮಹಾಯಾಜಕನೇ ಆದರೂ ಅದನ್ನು ಹೂಳಬೇಕೆಂದು ರಬ್ಬಿಗಳ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದ ನಾಜೀರ್ ಪ್ರಕರಣ ಹೇಳುತ್ತದೆ. ಅವರಿಬ್ಬರಿಗೂ ಧರ್ಮಶಾಸ್ತ್ರದ ನೆಪವಿರಲಿಲ್ಲ.

ಈ ಅಂಶಗಳನ್ನು ಇತ್ತೀಚೆಗೆ ಹೆಚ್ಚು ಒತ್ತಿ ಹೇಳಿದವರು ಯೆಹೂದ್ಯ ವಿದ್ವಾಂಸೆ ಏಮಿ-ಜಿಲ್ ಲವೈನ್. ಅವರ ಎಚ್ಚರಿಕೆಯನ್ನು ಕ್ರೈಸ್ತ ಬೋಧಕರು ಗಂಭೀರವಾಗಿ ಪರಿಗಣಿಸಬೇಕು. ಯೆಹೂದ್ಯ ಧರ್ಮವೆಂದರೆ ಕರುಣೆಯಿಲ್ಲದ ಮಡಿ, ಯೇಸುವೆಂದರೆ ಅದರಿಂದ ಬಿಡುಗಡೆ ಎಂಬ ಚಿತ್ರವನ್ನು ಈ ಕಥೆಯ ಮೇಲೆ ಹೇರಿದರೆ, ನೆರೆಯವನು ಯಾರೆಂದು ಕಲಿಸುವ ಕಥೆಯೇ ನೆರೆಯ ಧರ್ಮದವರನ್ನು ಹೀಗಳೆಯುವ ಸಾಧನವಾಗುತ್ತದೆ. ಇದಕ್ಕಿಂತ ನೋವಿನ ತಪ್ಪು ಓದು ಇರಲಾರದು.

ಕಥೆಯ ನಿಜವಾದ ಆಘಾತ ಮೂರನೆಯ ವ್ಯಕ್ತಿಯಲ್ಲಿದೆ. ಯಾಜಕ, ಲೇವಿಯ ಎಂದ ಮೇಲೆ ಮುಂದೆ ಸಾಮಾನ್ಯ ಇಸ್ರಾಯೇಲ್ಯನು ಬರುವುದು ರೂಢಿಯ ಕ್ರಮ. ಆ ಜಾಗದಲ್ಲಿ, ಯೆಹೂದ್ಯರೊಡನೆ ಹಗೆಯಿದ್ದ ನೆರೆಯ ಜನಾಂಗದ ಸಮಾರ್ಯದವನು ಬರುತ್ತಾನೆ. ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಸಮಾರ್ಯರ ದೇವಾಲಯವನ್ನು ಯೆಹೂದ್ಯರ ಮಹಾಯಾಜಕನೂ ಆಡಳಿತಗಾರನೂ ಆಗಿದ್ದ ಯೋಹಾನ ಹಿರ್ಕಾನನು ಕ್ರಿ.ಪೂ. 2ನೆಯ ಶತಮಾನದ ಕೊನೆಯಲ್ಲಿ ನಾಶಮಾಡಿದ್ದ, ಕ್ರಿ.ಶ. 1ನೆಯ ಶತಮಾನದ ಆರಂಭದಲ್ಲಿ ಕೆಲವು ಸಮಾರ್ಯರು ಯೆರೂಸಲೇಮಿನ ದೇವಾಲಯದೊಳಗೆ ಮನುಷ್ಯರ ಎಲುಬುಗಳನ್ನು ಚೆಲ್ಲಿದರೆಂದು ಜೋಸೆಫಸ್ ಹೇಳುತ್ತಾನೆ. ದೂರ ಹೋಗುವುದೇ ಬೇಡ, ಲೂಕನ ಹಿಂದಿನ ಅಧ್ಯಾಯದಲ್ಲಿಯೇ ಸಮಾರ್ಯರ ಊರೊಂದು ಯೇಸುವಿಗೆ ಇಳಿದುಕೊಳ್ಳಲು ಎಡೆ ಕೊಡುವುದಿಲ್ಲ. ಆಕಾಶದಿಂದ ಬೆಂಕಿ ಬಿದ್ದು ಅವರು ಸುಟ್ಟುಹೋಗಲಿ ಎನ್ನೋಣವೆ ಎಂದು ಯಾಕೋಬ ಮತ್ತು ಯೋಹಾನರು ಕೇಳುತ್ತಾರೆ. ಅದರ ಬೆನ್ನಿಗೇ ಈ ಕಥೆ.

ಮತ್ತೊಂದು ವಿವರವನ್ನು ಇಲ್ಲಿ ನೆನೆಯಬೇಕು. 2 ಪೂರ್ವಕಾಲವೃತ್ತಾಂತ 28ರಲ್ಲಿ, ಯೆಹೂದದಿಂದ ಸೆರೆ ತಂದವರನ್ನು ಸಮಾರ್ಯದ ಕೆಲವರು ಪ್ರವಾದಿಯ ಮಾತು ಕೇಳಿ ಬಿಡುಗಡೆ ಮಾಡುತ್ತಾರೆ: ಬಟ್ಟೆ ಉಡಿಸಿ, ಊಟ ಕೊಟ್ಟು, ಎಣ್ಣೆ ಹಚ್ಚಿ, ನಿತ್ರಾಣರಾದವರನ್ನು ಕತ್ತೆಗಳ ಮೇಲೆ ಕೂರಿಸಿ ಯೆರಿಕೋವಿಗೆ ಕರೆತರುತ್ತಾರೆ. ಎಣ್ಣೆ, ವಾಹನದ ಪ್ರಾಣಿ, ಯೆರಿಕೋ, ಸಮಾರ್ಯ ಎಲ್ಲವೂ ಅಲ್ಲಿ ಮೊದಲೇ ಇವೆ. ಪ್ರಶ್ನೆ ಕೇಳಿದ ಧರ್ಮೋಪದೇಶಕನು ಗ್ರಂಥವನ್ನು ಬಲ್ಲವನಾಗಿದ್ದರಿಂದ ಈ ಪ್ರತಿಧ್ವನಿ ಅವನ ಕಿವಿಗೆ ಬಿದ್ದಿರುವ ಸಾಧ್ಯತೆ ಹೆಚ್ಚು.

ಅಪ್ರಾಮಾಣಿಕ ಮನೆವಾರ್ತೆಯವನನ್ನು ಯಜಮಾನನು ಹೊಗಳುವುದೇಕೆ?

ಲೂಕ 16ರ ಈ ಕಥೆಯಷ್ಟು ವ್ಯಾಖ್ಯಾನಕಾರರನ್ನು ಕಾಡಿದ ಸಾಮ್ಯ ಇನ್ನೊಂದಿಲ್ಲ. ಕೆಲಸ ಹೋಗುವುದು ಖಚಿತವಾದಾಗ, ಯಜಮಾನನ ಆಸ್ತಿ ನೋಡಿಕೊಳ್ಳುವ ಮನೆವಾರ್ತೆಯವನು ಸಾಲಗಾರರನ್ನು ಒಬ್ಬೊಬ್ಬರಾಗಿ ಕರೆದು, ನೂರು ಬತ್ ಎಣ್ಣೆಯ ಪತ್ರವನ್ನು ಐವತ್ತೆಂದೂ ನೂರು ಕೊರ್ ಗೋದಿಯದನ್ನು ಎಂಬತ್ತೆಂದೂ ತಿದ್ದಿ ಬರೆಯಿಸುತ್ತಾನೆ. ಬೇಗನೆ ಕೂತು ಬರೆ ಎನ್ನುವ ಅವನ ಆತುರವೂ ಕಥೆಯಲ್ಲಿದೆ. ಯಜಮಾನನು ಅವನ ಜಾಣತನವನ್ನು ಮೆಚ್ಚುತ್ತಾನೆ.

ಕಥೆಯ ಹಿಂದೆಯೇ ಒಂದಾದ ಮೇಲೊಂದು ನೀತಿಗಳು ಬರುತ್ತವೆ: ಈ ಲೋಕದವರು ಬೆಳಕಿನ ಮಕ್ಕಳಿಗಿಂತ ಜಾಣರು, ಅನ್ಯಾಯದ ಧನದಿಂದ ಸ್ನೇಹಿತರನ್ನು ಮಾಡಿಕೊಳ್ಳಿರಿ, ಸ್ವಲ್ಪದರಲ್ಲಿ ನಂಬಿಗಸ್ತನಾದವನು ಬಹಳದರಲ್ಲಿಯೂ ನಂಬಿಗಸ್ತ, ದೇವರನ್ನೂ ಧನವನ್ನೂ ಒಟ್ಟಿಗೆ ಸೇವಿಸಲಾರಿರಿ. ನಂಬಿಗಸ್ತಿಕೆಯ ನೀತಿಯಂತೂ ಕಥಾನಾಯಕನಿಗೆ ಸ್ವಲ್ಪವೂ ಹೊಂದುವುದಿಲ್ಲ. ಡಾಡ್ ಇವನ್ನು ಒಂದೇ ಪಠ್ಯದ ಮೇಲಿನ ಬೇರೆ ಬೇರೆ ಪ್ರಸಂಗಗಳ ಟಿಪ್ಪಣಿಗಳೆಂದು ಗುರುತಿಸಿದರು. ಆರಂಭದ ಕ್ರೈಸ್ತರಿಗೂ ಈ ಕಥೆ ಸುಲಭವಾಗಿರಲಿಲ್ಲ ಎಂಬುದಕ್ಕೆ ಇದು ಕಣ್ಣಿಗೆ ಕಾಣುವ ಸಾಕ್ಷಿ.

ಕೆಲವು ವಿದ್ವಾಂಸರು ಅವನನ್ನು ಪಾರುಮಾಡಲು ನೋಡಿದ್ದಾರೆ. ಅವನು ಬಿಟ್ಟುಕೊಟ್ಟದ್ದು ಧರ್ಮಶಾಸ್ತ್ರ ನಿಷೇಧಿಸಿದ ಬಡ್ಡಿಯನ್ನು ಎಂಬುದು ಒಂದು ವಾದ, ತನಗೆ ಬರಬೇಕಾದ ದಳ್ಳಾಳಿಯನ್ನು ಎಂಬುದು ಇನ್ನೊಂದು. ಎರಡಕ್ಕೂ ಕಥೆಯೊಳಗೆ ಆಧಾರವಿಲ್ಲ. ಯಜಮಾನನಿಗೆ ನಿನಗೆಷ್ಟು ಬಾಕಿ ಎಂದೇ ಅವನು ಕೇಳುತ್ತಾನೆ. ಅವನು ವಂಚಕನೆಂದೇ ಒಪ್ಪಿಕೊಂಡು, ಕೈಯಲ್ಲಿ ಉಳಿದಿರುವ ಸ್ವಲ್ಪ ಸಮಯದಲ್ಲಿ ಎಲ್ಲವನ್ನೂ ಪಣಕ್ಕಿಟ್ಟ ಅವನ ತುರ್ತನ್ನು ಗಮನಿಸಬೇಕೆಂಬ ಯೆರೆಮಿಯಾಸರ ಓದು ನನಗೆ ಹೆಚ್ಚು ಪ್ರಾಮಾಣಿಕವೆನಿಸುತ್ತದೆ. ದೇವರ ರಾಜ್ಯ ಬಾಗಿಲಲ್ಲಿದೆ ಎಂದು ಸಾರಿದವರು ಆ ತುರ್ತಿಗೆ ಉದಾಹರಣೆಯಾಗಿ ಒಬ್ಬ ಅಯೋಗ್ಯನನ್ನು ಆರಿಸಿಕೊಳ್ಳಲು ಹಿಂಜರಿಯಲಿಲ್ಲ.

ಪ್ಯಾಲೆಸ್ತೀನಿನ ಹಳ್ಳಿಯ ಸಂಸ್ಕೃತಿ ತಿಳಿದರೆ ಸಾಮ್ಯಗಳು ಚೆನ್ನಾಗಿ ಅರ್ಥವಾಗುತ್ತವೆಯೆ?

ಎಚ್ಚರದಿಂದ ಬಳಸಿದರೆ ಸಹಾಯವಾಗುತ್ತದೆ. ಮಧ್ಯಪ್ರಾಚ್ಯದಲ್ಲಿ ದಶಕಗಳ ಕಾಲ ಇದ್ದ ಕೆನೆತ್ ಬೇಲಿ, ದುಂದುಗಾರ ಮಗನ ಕಥೆಯಲ್ಲಿ ತಂದೆಯು ಓಡಿಹೋಗಿ ಮಗನನ್ನು ತಬ್ಬಿಕೊಳ್ಳುವುದು ಗೌರವಸ್ಥ ಹಿರಿಯನಿಗೆ ಎಷ್ಟು ಅವಮಾನಕರವೆಂದು ಹಳ್ಳಿಗರ ಮಾತುಗಳ ಆಧಾರದಿಂದ ವಿವರಿಸಿದರು. ಮನಮುಟ್ಟುವ ವಿವರಣೆಯೇ, ಆದರೆ 20ನೆಯ ಶತಮಾನದ ಹಳ್ಳಿಯ ರೂಢಿಯನ್ನು 1ನೆಯ ಶತಮಾನಕ್ಕೆ ಹಾಗೆಯೇ ಒಯ್ಯಬಹುದೆ ಎಂಬ ಆಕ್ಷೇಪ ನ್ಯಾಯವಾದದ್ದು.

ತೋಮನ ಸುವಾರ್ತೆಯಲ್ಲಿಯೂ ಸಾಮ್ಯಗಳಿವೆಯಂತೆ. ಅವು ಹೆಚ್ಚು ಹಳೆಯವೆ?

1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ, ಬೈಬಲಿನಲ್ಲಿ ಸೇರದ ಈ ಸುವಾರ್ತೆಯೂ ಒಂದು. ಕಥನವಿಲ್ಲದ 114 ಮಾತುಗಳ ಸಂಗ್ರಹ. ಅವುಗಳಲ್ಲಿ ಬಿತ್ತುವವನು, ಸಾಸಿವೆ ಕಾಳು, ಔತಣ, ಮುತ್ತು, ಕಳೆದುಹೋದ ಕುರಿ ಇವೆ. ಬಿತ್ತುವವನ ಕಥೆಗೆ ಅಲ್ಲಿ ವಿವರಣೆಯಿಲ್ಲ, ದ್ರಾಕ್ಷಿತೋಟದ ಗೇಣಿದಾರರ ಕಥೆ ಮಾರ್ಕನದಕ್ಕಿಂತ ಸರಳವಾಗಿದೆ. ಇದರಿಂದ ಕೆಲವರು ತೋಮನಲ್ಲಿ ಮೂಲರೂಪ ಉಳಿದಿದೆಯೆಂದರು. ಸರಳವಾದದ್ದೆಲ್ಲ ಹಳೆಯದಲ್ಲ, ಉದ್ದದ ಕಥೆಯನ್ನು ಮೊಟಕುಗೊಳಿಸುವುದೂ ಉಂಟು. ಕಳೆದುಹೋದ ಕುರಿಯು ಅಲ್ಲಿ ಹಿಂಡಿನಲ್ಲೇ ದೊಡ್ಡ ಕುರಿ, ಅದಕ್ಕೇ ಅದರ ಮೇಲೆ ಹೆಚ್ಚು ಪ್ರೀತಿ ಎಂದಿದೆ. ಆ ಕಾರಣ ಸೇರಿಕೊಂಡ ಕೂಡಲೇ ಲೂಕನ ಕಥೆಯ ಜೀವಾಳವೇ ಹೊರಟುಹೋಗುತ್ತದೆ; ಇಲ್ಲಿ ತೋಮನ ರೂಪವೇ ನಂತರದ್ದೆಂದು ನನಗೆ ತೋರುತ್ತದೆ.

ಈ ಸಾಮ್ಯಗಳನ್ನೆಲ್ಲ ಯೇಸುವೇ ಹೇಳಿದರೆಂದು ಖಚಿತವಾಗಿ ಹೇಳಬಹುದೆ?

ಬಹುಕಾಲ ವಿದ್ವಾಂಸರು ಸಾಮ್ಯಗಳನ್ನು ಯೇಸುವಿನ ಮಾತುಗಳಲ್ಲಿ ಅತ್ಯಂತ ಭದ್ರವಾದ ಭಾಗವೆಂದು ಎಣಿಸಿದ್ದರು. 2016ರಲ್ಲಿ ಕಥೋಲಿಕ ಪಾದ್ರಿ ಹಾಗೂ ಇತಿಹಾಸಕಾರ ಜಾನ್ ಮೈಯರ್, ಕಟ್ಟುನಿಟ್ಟಾದ ಐತಿಹಾಸಿಕ ಮಾನದಂಡಗಳಿಂದ ಸಾಬೀತುಪಡಿಸಬಹುದಾದವು ಸಾಸಿವೆ ಕಾಳು, ದ್ರಾಕ್ಷಿತೋಟದ ಗೇಣಿದಾರರು, ದೊಡ್ಡ ಔತಣ, ತಲಾಂತುಗಳು, ಈ ನಾಲ್ಕು ಮಾತ್ರ ಎಂದು ವಾದಿಸಿದರು. ಉಳಿದವು ಯೇಸುವಿನವಲ್ಲವೆಂದು ಅವರು ಹೇಳಲಿಲ್ಲ. ಒಂದೇ ಮೂಲದಲ್ಲಿ ಸಿಗುವ ಕಥೆಯನ್ನು ಆ ವಿಧಾನದಿಂದ ಸಾಬೀತುಪಡಿಸಲಾಗದು ಎಂದರು. ಈ ಎರಡರ ವ್ಯತ್ಯಾಸವನ್ನು ಗಮನದಲ್ಲಿಡದೆ ಅವರ ಮಾತನ್ನು ಉಲ್ಲೇಖಿಸುವುದು ತಪ್ಪಾಗುತ್ತದೆ.

ಇಂಥ ಅಧ್ಯಯನ ನಂಬಿಕೆಗೆ ಧಕ್ಕೆ ತರುವುದಿಲ್ಲವೆ?

ಇಲ್ಲಿ ಹೆಸರಿಸಿದ ಅನೇಕ ವಿದ್ವಾಂಸರು ಪಾದ್ರಿಗಳೂ ಬೋಧಕರೂ ಆಗಿದ್ದರು. ಕಥೆಯು ಮತ್ತಾಯನ ಸಭೆಯಲ್ಲಿ ಒಂದು ರೀತಿ, ಲೂಕನ ಸಭೆಯಲ್ಲಿ ಇನ್ನೊಂದು ರೀತಿ ಕೇಳಿಸಿತೆಂದರೆ, ಅದು ಎರಡೂ ಕಡೆ ಜೀವಂತವಾಗಿತ್ತು ಎಂದೇ ಅರ್ಥ.

ಕನ್ನಡದಲ್ಲಿ ಓದುವವರು ಎಲ್ಲಿಂದ ಆರಂಭಿಸಬಹುದು?

ಮೊದಲು ಮಾರ್ಕ 12:1-12, ಮತ್ತಾಯ 21:33-46, ಲೂಕ 20:9-19 ಇವನ್ನು ಪಕ್ಕಪಕ್ಕದಲ್ಲಿಟ್ಟು ಓದಿ. ಮಾರ್ಕನಲ್ಲಿ ಗೇಣಿದಾರರು ದ್ರಾಕ್ಷಿತೋಟದ ಯಜಮಾನನ ಮಗನನ್ನು ಕೊಂದು ತೋಟದ ಹೊರಗೆ ಎಸೆಯುತ್ತಾರೆ. ಮತ್ತಾಯ ಮತ್ತು ಲೂಕರಲ್ಲಿ ಹೊರಗೆ ದೊಬ್ಬಿ ಆಮೇಲೆ ಕೊಲ್ಲುತ್ತಾರೆ. ಯೇಸು ಯೆರೂಸಲೇಮಿನ ಹೊರಗೆ ಸತ್ತದ್ದಕ್ಕೆ ಈ ಕ್ರಮ ಹೊಂದುತ್ತದೆ. ಇಂಥ ಒಂದು ವ್ಯತ್ಯಾಸವನ್ನು ನಿಮ್ಮ ಕಣ್ಣಿನಿಂದಲೇ ಕಂಡರೆ ಉಳಿದವನ್ನು ಹುಡುಕುವ ಅಭ್ಯಾಸ ತಾನಾಗಿ ಬರುತ್ತದೆ.

ಆಮೇಲೆ ಲೂಕ 15 ಮತ್ತು 16ನ್ನು ಒಂದೇ ಸಲಕ್ಕೆ ಓದಿ. ಭಾಗಗಳ ಮೇಲಿರುವ ಶೀರ್ಷಿಕೆಗಳು ಪ್ರಕಾಶಕರು ಕೊಟ್ಟವು, ಅಧ್ಯಾಯ ವಿಂಗಡಣೆ ಮಧ್ಯಯುಗದ್ದು, ಎರಡನ್ನೂ ಲೆಕ್ಕಿಸಬೇಡಿ. 15ರ ಕೊನೆಯಲ್ಲಿ, ತಮ್ಮನಿಗೆ ಸಿಕ್ಕ ಸ್ವಾಗತಕ್ಕೆ ಸಿಟ್ಟಾಗಿ ಹೊರಗೆ ನಿಂತ ಹಿರಿಯ ಮಗನು ಮನೆಯೊಳಗೆ ಹೋದನೋ ಇಲ್ಲವೋ ಎಂದು ಲೂಕನು ಹೇಳುವುದಿಲ್ಲ. ಮುಂದಿನ ವಾಕ್ಯದಲ್ಲಿಯೇ ಮನೆವಾರ್ತೆಯವನ ಕಥೆ ಶುರುವಾಗುತ್ತದೆ. ದುಂದುಗಾರ ಮಗನು ತನ್ನ ಪಾಲಿನ ಆಸ್ತಿಯನ್ನು ಹಾಳುಮಾಡಿದ್ದಕ್ಕೂ ಮನೆವಾರ್ತೆಯವನು ಯಜಮಾನನ ಆಸ್ತಿಯನ್ನು ಹಾಳುಮಾಡಿದ್ದಕ್ಕೂ ಗ್ರೀಕ್ ಮೂಲದಲ್ಲಿ ಒಂದೇ ಕ್ರಿಯಾಪದವಿದೆ. ಈ ಎರಡು ಕಥೆಗಳನ್ನು ಲೂಕನು ಜೋಡಿಸಿ ಇಟ್ಟದ್ದೇಕೆ ಎಂದು ಒಂದು ಹಾಳೆಯಲ್ಲಿ ನಿಮ್ಮ ಉತ್ತರವನ್ನು ಬರೆದುಕೊಂಡು, ಅದಾದ ನಂತರ ವ್ಯಾಖ್ಯಾನಗ್ರಂಥಗಳನ್ನು ತೆರೆಯುವುದು ಒಳ್ಳೆಯದು.